ಜೀವ ಹೇಗಿದೆ ಎಂದು ಕೇಳುವುದನ್ನೂ ಕಲಿಸಿ
ಮೈಸೂರಿನ ನರ್ಸಿಂಗ್ ಬೋಧಕರಿಗೂ ಶುಶ್ರೂಷಾ ಅಧೀಕ್ಷಕರಿಗೂ ಒಂದು ಬಹಿರಂಗ ಪತ್ರ



ನಿಮ್ಮ ವಿದ್ಯಾರ್ಥಿಗಳು ಮನೋರೋಗ ವಿಭಾಗಕ್ಕೆ ಪೋಸ್ಟಿಂಗ್ ಹೋದಾಗ ‘ಪ್ರೋಸೆಸ್ ರೆಕಾರ್ಡಿಂಗ್’ ಬರೆಯುತ್ತಾರೆ. ರೋಗಿ ಏನಂದರು, ತಾನೇನಂದೆ ಎಂಬುದನ್ನು ಆಡಿದ ಹಾಗೇ ಒಂದು ಅಂಕಣದಲ್ಲಿ ಬರೆದು, ಆ ಮಾತಿನಿಂದ ಸಂಭಾಷಣೆ ಮುಂದುವರಿಯಿತೇ ನಿಂತುಹೋಯಿತೇ ಎಂಬುದನ್ನು ಪಕ್ಕದ ಅಂಕಣದಲ್ಲಿ ಗುರುತಿಸುವ ಅಭ್ಯಾಸ ಅದು. ತಾನಾಡಿದ ಮಾತನ್ನು ತಾನೇ ನಿಂತು ನೋಡುವ ಅವಕಾಶ ಬೇರೆ ಎಷ್ಟು ಉದ್ಯೋಗಗಳಲ್ಲಿದೆ? ‘ಆಡಿದ ಹಾಗೇ’ ಎಂಬುದೇ ಈ ಅಭ್ಯಾಸದ ಜೀವ. ಈಗ ನಂಜನಗೂಡಿನ ಕಡೆಯ ಒಬ್ಬ ಹೆಂಗಸು ‘ಜೀವ ತಡೀತಿಲ್ಲ ಕವ್ವ, ಒಳ್ಗ ಒಂಥರಾ ಸಂಕಟ’ ಎಂದರು ಎಂದಿಟ್ಟುಕೊಳ್ಳಿ. ಹಾಳೆಗೆ ಇಳಿಯುವ ಹೊತ್ತಿಗೆ ಅದು ‘ಐ ಆ್ಯಮ್ ಫೀಲಿಂಗ್ ಆಂಕ್ಷಿಯಸ್’ ಆಗಿರುತ್ತದೆ. ಯಾಕೆಂದರೆ ಪಾಠ ಇಂಗ್ಲಿಷಿನಲ್ಲಿದೆ, ಪರೀಕ್ಷೆ ಇಂಗ್ಲಿಷಿನಲ್ಲಿದೆ, ಫೈಲನ್ನು ತಿದ್ದುವವರು ಓದುವುದೂ ಇಂಗ್ಲಿಷಿನಲ್ಲಿ. ಆ ಹೆಂಗಸು ಹೇಳಿದ್ದು ಏನೆಂಬುದು ಈಗ ಯಾರಿಗೂ ಗೊತ್ತಿಲ್ಲ. ಬರೆದ ವಿದ್ಯಾರ್ಥಿನಿಗೂ ನಾಳೆಯ ಹೊತ್ತಿಗೆ ಮರೆತಿರುತ್ತದೆ. ನಾವು ಇಂಗ್ಲಿಷಿನಲ್ಲಿ ಕಲಿಸಿ, ಕನ್ನಡದಲ್ಲಿ ಮಾಡು ಎಂದು ವಾರ್ಡಿಗೆ ಕಳಿಸುವ ಏಕೈಕ ಕೌಶಲ ರೋಗಿಯೊಡನೆ ಮಾತನಾಡುವುದು. ಇಂಜೆಕ್ಷನ್ ಕೊಡುವ ಕೈಗೆ ಭಾಷೆಯಿಲ್ಲ, ನಿಜ. ಮಾತಿಗೆ ಇದೆ. ಅದನ್ನು ರೋಗಿಯ ನುಡಿಯಲ್ಲೇ ಕಲಿಸಿ, ಆ ನುಡಿಯಲ್ಲೇ ಪರೀಕ್ಷಿಸಿ ಎಂದು ಕೇಳಿಕೊಳ್ಳಲು ಈ ಪತ್ರ.

ಥೆರಪ್ಯೂಟಿಕ್ ಕಮ್ಯೂನಿಕೇಶನ್ ಎಂದು ನೀವು ಕಲಿಸುವ ಪಾಠಕ್ಕೆ ಕನ್ನಡದಲ್ಲಿ ನೆಲೆನಿಂತ ಹೆಸರಿಲ್ಲ. ‘ಚಿಕಿತ್ಸಕ ಸಂವಹನ’ ಎಂದು ಬರೆಯಬಹುದು, ಆದರೆ ವಾರ್ಡಿನಲ್ಲಿ ಯಾರೂ ಹಾಗೆನ್ನುವುದಿಲ್ಲ. ಸದ್ಯಕ್ಕೆ ಆರೈಕೆಯ ಮಾತು ಎನ್ನುತ್ತೇನೆ. ಅದರ ಬೇರು ನಿಮ್ಮ ವೃತ್ತಿಯೊಳಗೇ ಇದೆ. 1859ರ ತಮ್ಮ ‘ನೋಟ್ಸ್ ಆನ್ ನರ್ಸಿಂಗ್’ ಪುಸ್ತಕದಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ರೋಗಿಗೆ ಬುಡವಿಲ್ಲದ ಭರವಸೆ, ಬಿಟ್ಟಿ ಸಲಹೆ ಸುರಿಯುವವರ ಕುರಿತಾಗಿಯೇ ಒಂದು ಅಧ್ಯಾಯ ಮೀಸಲಿಟ್ಟರು. 1952ರಲ್ಲಿ ಅಮೆರಿಕದ ಹಿಲ್ಡೆಗಾರ್ಡ್ ಪೆಪ್ಲಾವ್ ನರ್ಸ್ ಮತ್ತು ರೋಗಿಯ ನಡುವಿನ ಸಂಬಂಧವೇ ಶುಶ್ರೂಷೆಯ ತಿರುಳು ಎಂದು ಪುಸ್ತಕ ಬರೆದರು. 1961ರಲ್ಲಿ ಐಡಾ ಜೀನ್ ಒರ್ಲ್ಯಾಂಡೊ ಇನ್ನೂ ಸರಳವಾದ ಒಂದು ಮಾತನ್ನು ಮುಂದಿಟ್ಟರು: ರೋಗಿಗೆ ಏನಾಗುತ್ತಿದೆ ಎಂದು ನಿಮಗೆ ಅನ್ನಿಸಿದ್ದನ್ನು ನಿಜವೆಂದು ನಂಬಿ ನಡೆಯಬೇಡಿ, ಮೊದಲು ರೋಗಿಯನ್ನೇ ಕೇಳಿ ಖಚಿತಪಡಿಸಿಕೊಳ್ಳಿ. ಇವೆಲ್ಲವೂ ನಿಮ್ಮ ಪಠ್ಯದಲ್ಲಿವೆ. ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಪರಿಷ್ಕರಿಸಿದ ಬಿ.ಎಸ್ಸಿ. ಪಠ್ಯಕ್ರಮದ ಮೊದಲ ಸೆಮಿಸ್ಟರಿನಲ್ಲೇ ‘ಕಮ್ಯೂನಿಕೇಟಿವ್ ಇಂಗ್ಲಿಷ್’ ಎಂಬ ವಿಷಯವಿದೆ. ನರ್ಸಿಗೆ ಭಾಷಾಪಾಠ ಬೇಕು ಎಂಬುದನ್ನು ಪರಿಷತ್ತು ಒಪ್ಪಿದೆ ಎಂದಾಯಿತು. ಯಾರ ಭಾಷೆ ಎಂಬಲ್ಲಿ ಮಾತ್ರ ರೋಗಿ ನೆನಪಾದಂತಿಲ್ಲ. ಕೆಲವೆಡೆ ಕನ್ನಡ ಬಾರದ ಮಕ್ಕಳಿಗೆ ಅಕ್ಷರ, ಅಂಕಿ, ಬಸ್ಸು ಹಿಡಿಯುವಷ್ಟು ಮಾತು ಕಲಿಸಬಹುದು. ನಾನು ಕೇಳುತ್ತಿರುವುದು ಕನ್ನಡ ಮನೆಮಾತಿನ ವಿದ್ಯಾರ್ಥಿನಿಗೂ ಬೇಕಾದ ಪಾಠ.

ಇಂಗ್ಲಿಷ್ ಪುಸ್ತಕ ಹೇಳಲಾರದ ಮೊದಲ ಸಂಗತಿ ಸಂಬೋಧನೆ. ಅಲ್ಲಿ ಎಲ್ಲರೂ ‘ಯೂ’. ಇಲ್ಲಿ ನರ್ಸ್ ಬಾಯಿ ತೆರೆಯುವ ಮುನ್ನವೇ ನೀನು, ನೀವು, ಅಜ್ಜಿ, ಅಮ್ಮ, ಅವ್ವ, ಯಜಮಾನ್ರೇ ಎಂಬುದರಲ್ಲಿ ಒಂದನ್ನು ಆರಿಸಬೇಕು, ಆ ಆಯ್ಕೆಯಲ್ಲೇ ಅರ್ಧ ಸಂಬಂಧ ತೀರ್ಮಾನವಾಗಿಬಿಡುತ್ತದೆ. ಪಕ್ಕಪಕ್ಕದ ಹಾಸಿಗೆಗಳಲ್ಲಿ ನಿವೃತ್ತ ಗುಮಾಸ್ತರಿಗೆ ‘ನೀವು’, ಕೂಲಿ ಮಾಡುವ ಹೆಂಗಸಿಗೆ ‘ನೀನು’ ಎಂದಾದರೆ ಇಬ್ಬರಿಗೂ ಅದು ಕೇಳಿಸುತ್ತದೆ. ‘ಅದು ಸಲಿಗೆ, ಅಸಡ್ಡೆಯಲ್ಲ’ ಎನ್ನುವವರಿದ್ದಾರೆ, ಅವರ ಮಾತಿನಲ್ಲೂ ಹುರುಳಿದೆ. ‘ಮಲಕ್ಕೊಳವ್ವ, ಆಯ್ತು’ ಎಂಬ ಏಕವಚನದಲ್ಲಿರುವ ಬೆಚ್ಚಗಿನ ಭಾವ ‘ದಯವಿಟ್ಟು ಮಲಗಿ’ ಎಂಬುದರಲ್ಲಿ ಇಲ್ಲದೆ ಇರಬಹುದು. ಪರೀಕ್ಷೆ ಸುಲಭ: ಆ ರೋಗಿ ತಿರುಗಿ ನಿಮ್ಮನ್ನು ‘ನೀನು’ ಎನ್ನಬಹುದಾದರೆ ಅದು ಸಲಿಗೆ, ಅನ್ನಲಾಗದಿದ್ದರೆ ಅದು ಅಂತಸ್ತು. ಇನ್ನು ಐವತ್ತರ ಹೆಂಗಸನ್ನು ‘ಅಜ್ಜಿ’ ಎಂದು ಕರೆದು ಅವರ ಮುಖ ಗಂಟಿಕ್ಕಿದ್ದು ಯಾಕೆಂದು ತಿಳಿಯದೆ ನಿಲ್ಲುವ ಹದಿನೆಂಟರ ವಿದ್ಯಾರ್ಥಿನಿಗೆ ಯಾವ ಅಮೆರಿಕನ್ ಪಠ್ಯಪುಸ್ತಕವೂ ನೆರವಾಗದು.

ಎರಡನೆಯದು ಪ್ರಶ್ನೆ ಕೇಳುವ ಬಗೆ. ‘ಹೌ ಡು ಯೂ ಫೀಲ್’ ಎಂಬುದನ್ನು ‘ನಿಮಗೆ ಹೇಗೆ ಅನ್ನಿಸುತ್ತದೆ’ ಎಂದು ಪದಕ್ಕೆ ಪದ ಇಟ್ಟು ಕೇಳಿದರೆ ನಮ್ಮ ಕಡೆಯವರು ‘ಯಾವುದು?’ ಎನ್ನುತ್ತಾರೆ, ಇಲ್ಲವೇ ‘ಹಂಗೇ ಅದೆ’ ಎಂದು ಗೋಡೆ ಕಡೆ ತಿರುಗುತ್ತಾರೆ. ಕನ್ನಡದಲ್ಲಿ ಒಳಗಿನ ವಿಚಾರಕ್ಕೆ ಹೋಗುವ ದಾರಿ ಮೈಯ ಮೂಲಕ, ದಿನಚರಿಯ ಮೂಲಕ ಹಾಯುತ್ತದೆ. ‘ಜೀವ ಹೇಗಿದೆ?’, ‘ರಾತ್ರಿ ಕಣ್ಣು ಮುಚ್ಚಿದ್ರಾ?’, ‘ಊಟ ಸೇರ್ತಾ?’, ‘ಮನೇಲಿ ದನ ಕರ ಯಾರು ನೋಡ್ಕೋತಾರೆ?’ ಎಂಬ ಪ್ರಶ್ನೆಗಳು ವಿಚಾರಣೆಯ ಪ್ರಶ್ನೆಗಳಂತೆ ಕಾಣುವುದಿಲ್ಲ. ಕೊನೆಯ ಪ್ರಶ್ನೆಗೆ ಬರುವ ಉತ್ತರದಲ್ಲಿ ಎಷ್ಟೋ ಸಲ ಆ ಮನುಷ್ಯನ ಇಡೀ ಆತಂಕ ಇರುತ್ತದೆ. ಇನ್ನು ನಿಮ್ಮ ಪಠ್ಯದ ‘ಆ್ಯಕ್ಟಿವ್ ಲಿಸನಿಂಗ್’. ಅದಕ್ಕೆ ನಮ್ಮಲ್ಲಿ ಹೂಂಗುಟ್ಟುವುದು ಎಂಬ ಪದವಿದೆ. ಕಥೆ ಹೇಳುವವರಿಗೆ ಯಾರಾದರೂ ಹೂಂಗುಟ್ಟಬೇಕು, ಹೂಂ ನಿಂತರೆ ಕಥೆ ನಿಲ್ಲುತ್ತದೆ ಎಂಬುದು ಅಜ್ಜಿಯ ಮಗ್ಗುಲಲ್ಲಿ ಮಲಗಿದ ಮಕ್ಕಳಿಗೆಲ್ಲ ಗೊತ್ತು. ರೋಗಿ ‘ಭಯ ಆಯ್ತದೆ’ ಎಂದಾಗ ‘ಭಯ ಆಯ್ತದೆ ಅಂದ್ರಿ...’ ಎಂದು ಅವರ ಪದವನ್ನೇ ಮರಳಿಸಿ ಸುಮ್ಮನಾದರೆ ಅದೇ ‘ರಿಫ್ಲೆಕ್ಟಿಂಗ್’. ಆ ‘ಅಂದ್ರಿ’ಯಲ್ಲಿ ಇರುವ ಆಹ್ವಾನ ಇಂಗ್ಲಿಷಿನ ‘ಯೂ ಫೀಲ್ ಅಫ್ರೇಡ್’ ಎಂಬುದರಲ್ಲಿ ನನಗಂತೂ ಕಾಣುವುದಿಲ್ಲ. ಮಕ್ಕಳು ಈ ತಂತ್ರಗಳನ್ನು ಹೊತ್ತುಕೊಂಡೇ ತರಗತಿಗೆ ಬಂದಿದ್ದಾರೆ. ನಾವು ಅವನ್ನು ಬಾಗಿಲ ಹೊರಗೆ ಬಿಡಿಸಿ ಇಂಗ್ಲಿಷಿನ ಪಟ್ಟಿಯನ್ನು ಬಾಯಿಪಾಠ ಮಾಡಿಸುತ್ತಿದ್ದೇವೆ.

ಪದಗಳ ವಿಚಾರಕ್ಕೆ ಬಂದರೆ ಇದು ಬರೀ ಸೌಜನ್ಯದ ಮಾತಾಗಿ ಉಳಿಯುವುದಿಲ್ಲ, ಜೀವದ ಮಾತಾಗುತ್ತದೆ. ಸಂಕಟ ಎಂಬ ಒಂದೇ ಪದ ಹೊಟ್ಟೆ ತೊಳಸುವುದನ್ನೂ ಹೇಳುತ್ತದೆ, ಎದೆಗುಂಡಿಗೆಯ ಕೆಳಗಿನ ಉರಿಯನ್ನೂ ಹೇಳುತ್ತದೆ, ಮನಸ್ಸಿನ ಬೇಗೆಯನ್ನೂ ಹೇಳುತ್ತದೆ. ‘ಗ್ಯಾಸ್ಟ್ರಿಕ್ ಆಗಿದೆ ಸಿಸ್ಟರ್’ ಎಂಬ ಮಾತಿನ ಹಿಂದೆ ಅಜೀರ್ಣವಿರಬಹುದು, ಹೃದಯಾಘಾತವೂ ಇರಬಹುದು. ಹೆಂಗಸರಲ್ಲಿ, ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಹೃದಯದ ತೊಂದರೆ ಎದೆನೋವಿನ ಬದಲು ಹೊಟ್ಟೆಯ ಮೇಲ್ಭಾಗದ ಸಂಕಟ, ವಾಕರಿಕೆ, ಬೆವರು, ಸುಸ್ತಾಗಿ ಕಾಣಿಸಿಕೊಳ್ಳುವುದುಂಟು ಎಂಬುದನ್ನು ನೀವೇ ಕಲಿಸುತ್ತೀರಿ. ಹಾಗಾದರೆ ‘ಸಂಕಟ ಅಂದ್ರೆ ಎಲ್ಲಿ, ಕೈಯಿಟ್ಟು ತೋರಿಸಿ’ ಎಂದು ಕೇಳುವುದೇ ಒರ್ಲ್ಯಾಂಡೊ ಹೇಳಿದ ಖಚಿತಪಡಿಸಿಕೊಳ್ಳುವಿಕೆ. ಮೈಸೂರಿನ ದೊಡ್ಡ ಆಸ್ಪತ್ರೆಗಳಿಗೆ ಚಾಮರಾಜನಗರ, ಮಂಡ್ಯ, ಕೊಡಗುಗಳಿಂದ ಜನ ಬರುತ್ತಾರೆ, ಎಚ್.ಡಿ. ಕೋಟೆಯ ಕಾಡಂಚಿನಿಂದ ಜೇನುಕುರುಬರು, ಬಿಳಿಗಿರಿರಂಗನ ಬೆಟ್ಟದಿಂದ ಸೋಲಿಗರು, ಬೈಲಕುಪ್ಪೆಯಿಂದ ಟಿಬೆಟನ್ನರು ಬರುತ್ತಾರೆ. ನಗರದ ಮಂಡಿ ಮೊಹಲ್ಲಾ, ಉದಯಗಿರಿಗಳಲ್ಲಿ ಬಹಳ ಮಂದಿಯ ಮನೆಮಾತು ಉರ್ದು. ಈ ನುಡಿಗಳಲ್ಲಿ ನೋವಿಗೆ ಏನನ್ನುತ್ತಾರೆ ಎಂಬ ಪಟ್ಟಿ ನರ್ಸಿನ ಮೇಜಿನ ಮೇಲೆ ಇರಬೇಡವೇ? ಈ ಸೀಮೆಯ ಆಡುಮಾತಿನಲ್ಲಿ ಬರೆದ ದೇವನೂರ ಮಹಾದೇವರ ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಅಕಾಡೆಮಿಗೆ ಸಲ್ಲುವ ಮಾತು ವಿದ್ಯಾರ್ಥಿನಿಯ ಫೈಲಿಗೆ ಸಲ್ಲದೇ?

‘ಇದನ್ನೆಲ್ಲ ಕಲಿಸಬೇಕೇ? ಒಳ್ಳೆಯ ಮನಸ್ಸಿದ್ದರೆ ಒಳ್ಳೆಯ ಮಾತು ತಾನಾಗಿ ಬರುತ್ತದೆ’ ಎಂಬುದು ನಾನು ನಿರೀಕ್ಷಿಸುವ ಮೊದಲ ಆಕ್ಷೇಪ. ಒಳ್ಳೆಯ ಮನಸ್ಸಿನಿಂದ ಬಂದ ಮಾತೂ ನೋಯಿಸಬಲ್ಲದು ಎಂಬುದಕ್ಕೆ ಅಳೆದು ನೋಡಿದ ಪುರಾವೆಯಿದೆ. ಹೆರಿಗೆಗೆ ಬಂದ 140 ಹೆಂಗಸರಿಗೆ ಬೆನ್ನಿನಲ್ಲಿ ಮರಗಟ್ಟಿಸುವ ಚುಚ್ಚುಮದ್ದು ಕೊಡುವಾಗ ಒಂದು ಗುಂಪಿಗೆ ‘ಈ ಜಾಗ ಮರಗಟ್ಟುತ್ತದೆ, ಆಮೇಲೆ ನಿಮಗೆ ಹಾಯಾಗಿರುತ್ತದೆ’ ಎಂಬರ್ಥದ ಮಾತು, ಇನ್ನೊಂದು ಗುಂಪಿಗೆ ‘ದೊಡ್ಡ ಜೇನ್ನೊಣ ಕಚ್ಚಿದ ಹಾಗಾಗುತ್ತದೆ, ಇದೇ ಕಷ್ಟದ ಗಳಿಗೆ’ ಎಂಬರ್ಥದ ಮಾತು ಹೇಳಿ ಬಾಸ್ಟನ್ನಿನ ವೈದ್ಯರು ಹೋಲಿಸಿದರು. 2010ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಹತ್ತರ ಅಳತೆಯಲ್ಲಿ ಮೊದಲ ಗುಂಪಿನ ನೋವು ಮೂರು, ಎರಡನೆಯದರದು ಐದು. ಮದ್ದು ಒಂದೇ, ಚುಚ್ಚಿದ ಬಗೆ ಒಂದೇ. ಹಾಗೆಂದು ನೋವಿನ ಸುದ್ದಿಯನ್ನೇ ಎತ್ತಬಾರದೆಂದಲ್ಲ. ಅದೇ ಊರಿನಲ್ಲಿ 1964ರಲ್ಲಿ ಎಗ್ಬರ್ಟ್ ಮತ್ತು ಸಂಗಡಿಗರು ಹೊಟ್ಟೆಯ ಶಸ್ತ್ರಕ್ರಿಯೆಗೆ ಬಂದ 97 ಮಂದಿಯಲ್ಲಿ ಒಂದು ಗುಂಪಿಗೆ ಎಲ್ಲಿ ನೋಯುತ್ತದೆ, ಅದು ಸಹಜ, ಆಗ ಮಗ್ಗುಲು ಬದಲಿಸುವುದು ಹೇಗೆ, ಮೈ ಸಡಿಲಬಿಡುವುದು ಹೇಗೆ ಎಂದು ವಿವರಿಸಿದ್ದರು. ಅವರಿಗೆ ಬೇಕಾದ ಅಫೀಮು ಜಾತಿಯ ನೋವುಶಮನಕ ಅರ್ಧದಷ್ಟಕ್ಕೆ ಇಳಿಯಿತು, ಸರಾಸರಿ 2.7 ದಿನ ಮುಂಚೆ ಅವರು ಮನೆಗೆ ಹೋದರು. ಎರಡನ್ನೂ ಜೊತೆಗಿಟ್ಟು ನೋಡಿದರೆ ನನಗೆ ತೋರುವುದು ಇಷ್ಟು: ಬರೀ ಹೆದರಿಸುವ ಚಿತ್ರ ಕೊಟ್ಟರೆ ನೋವು ಹೆಚ್ಚುತ್ತದೆ, ನಿಜ ಹೇಳಿ ಜೊತೆಗೆ ಕೈಗೊಂದು ಹಿಡಿಕೆ ಕೊಟ್ಟರೆ ತಗ್ಗುತ್ತದೆ. ನಮ್ಮ ‘ಇರುವೆ ಕಚ್ಚಿದಂಗೆ ಅಷ್ಟೇ’ ಎಂಬ ಮಾತು ಈ ಎರಡರಲ್ಲಿ ಯಾವ ಕಡೆ ಬೀಳುತ್ತದೆ? ಯಾರೂ ಅಳೆದಂತಿಲ್ಲ. ಅಳೆಯಲು ನಿಮ್ಮ ಎಂ.ಎಸ್ಸಿ. ವಿದ್ಯಾರ್ಥಿಗಳಿಗಿಂತ ತಕ್ಕವರು ಬೇರಿಲ್ಲ.

ಇದೇ ಅಳತೆಗೋಲಿನಿಂದ ನೋಡಿದರೆ ನಮ್ಮ ವಾರ್ಡುಗಳ ಅತಿ ಸಾಮಾನ್ಯ ಸಮಾಧಾನವಾದ ‘ಏನೂ ಆಗಲ್ಲ, ಧೈರ್ಯವಾಗಿರಿ’ ಎಂಬುದು ನೈಟಿಂಗೇಲ್ ದೂರಿದ ಬುಡವಿಲ್ಲದ ಭರವಸೆಯೇ. ಹೇಳಿದವರಿಗೆ ಅದರಿಂದ ನಿರಾಳವಾಗುತ್ತದೆ. ಕೇಳಿದವರಿಗೆ, ತನ್ನ ಭಯದ ಸುದ್ದಿ ಇಲ್ಲಿಗೆ ಮುಗಿಯಿತು ಎಂದು ಅರ್ಥವಾಗುತ್ತದೆ. ಅದರ ಬದಲು ‘ಏನಾಗುತ್ತೆ ಅಂತ ಭಯ?’ ಎಂದು ಕೇಳಿದರೆ ಉತ್ತರ ಬಹಳ ಸಲ ನಾವು ಊಹಿಸಿದ್ದಕ್ಕಿಂತ ಬೇರೆ ಇರುತ್ತದೆ. ಕ್ಷಯದ ಚಿಕಿತ್ಸೆಯನ್ನು ತೆಗೆದುಕೊಳ್ಳಿ. 1921ರಿಂದ ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ ಸ್ಯಾನಟೋರಿಯಂ ಇರುವ ನಮ್ಮೂರಿಗೆ ಆ ಕಾಯಿಲೆ ಹೊಸದಲ್ಲ. ಆರು ತಿಂಗಳ ಮಾತ್ರೆಯಲ್ಲಿ ಒಂದೆರಡು ತಿಂಗಳಿಗೇ ಕೆಮ್ಮು ನಿಂತು ಮೈ ತುಂಬಿಕೊಳ್ಳುತ್ತದೆ, ಆಗಲೇ ಮಾತ್ರೆ ಬಿಟ್ಟುಬಿಡುವ ಅಪಾಯ. ‘ಮಾತ್ರೆ ತಗೊಂಡ್ರಾ?’ ಎಂದರೆ ‘ಹೂಂ’ ಎಂಬ ಉತ್ತರ ಖಂಡಿತ, ‘ಯಾಕೆ ತಗೊಂಡಿಲ್ಲ?’ ಎಂದರೆ ಅದು ಗದರಿಕೆ. ‘ಈ ಮಾತ್ರೆ ನುಂಗಿದರೆ ಕೆಲವರಿಗೆ ಹೊಟ್ಟೆ ತೊಳಸುತ್ತೆ, ನಿಮಗೆ ಹೇಗೆ?’ ಎಂದರೆ ಬಿಟ್ಟವರಿಗೂ ಒಪ್ಪಿಕೊಳ್ಳಲು ಒಂದು ಬಾಗಿಲು ತೆರೆಯುತ್ತದೆ. ರಿಫಾಂಪಿಸಿನ್ ತಿಂದರೆ ಮೂತ್ರ ಕಿತ್ತಳೆ ಕೆಂಪಾಗುತ್ತದೆ ಎಂದು ಮೊದಲೇ ಹೇಳದಿದ್ದರೆ ರಕ್ತ ಹೋಗುತ್ತಿದೆ ಎಂದು ಹೆದರಿ ಮಾತ್ರೆ ಎಸೆಯುವವರನ್ನು ತಪ್ಪುಗಾರರು ಎನ್ನಲಾಗದು.

ಎರಡನೆಯ ಆಕ್ಷೇಪ ಸಮಯದ್ದು, ಇದನ್ನು ಹಗುರವಾಗಿ ತಳ್ಳುವ ಹಕ್ಕು ಹೊರಗಿನವನಾದ ನನಗಿಲ್ಲ. ಬೋಧನಾ ಆಸ್ಪತ್ರೆಗಳಲ್ಲಿ ಮೂರು ಹಾಸಿಗೆಗೆ ಒಬ್ಬ ನರ್ಸ್ ಇರಬೇಕೆಂದು ನರ್ಸಿಂಗ್ ಪರಿಷತ್ತಿನ ಮಾನದಂಡ ಹೇಳುತ್ತದೆ. ಅದು ಪೂರ್ತಿ ಪಾಲನೆಯಾದರೂ ಮೂರು ಪಾಳಿ, ವಾರದ ರಜೆ ಕಳೆದ ಮೇಲೆ ರಾತ್ರಿ ಪಾಳಿಯವರ ಪಾಲಿಗೆ ಬರುವ ಹಾಸಿಗೆಗಳು ಎಷ್ಟು ಪಟ್ಟು ಎಂಬುದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ನರ್ಸುಗಳ ಕೊರತೆಯನ್ನು ಸಿಹಿಮಾತಿನಿಂದ ತುಂಬಿಸಿ ಎಂದು ಸರ್ಕಾರವಾಗಲಿ ಆಡಳಿತ ಮಂಡಳಿಯಾಗಲಿ ಹೇಳಿದರೆ ಅದನ್ನು ವಿರೋಧಿಸುವವರಲ್ಲಿ ನಾನೂ ಒಬ್ಬ. ಆದರೂ ಆರೈಕೆಯ ಮಾತಿಗೆ ಪ್ರತ್ಯೇಕ ಸಮಯ ಬೇಕು ಎಂಬ ಕಲ್ಪನೆ ತಪ್ಪು. ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದ ಆಸ್ಪತ್ರೆಯೊಂದರಲ್ಲಿ 335 ಹೊರರೋಗಿಗಳನ್ನು ವೈದ್ಯರು ನಡುವೆ ಬಾಯಿ ಹಾಕದೆ ಕೇಳಿಸಿಕೊಂಡಾಗ ಅವರು ಮಾತನಾಡಿದ್ದು ಸರಾಸರಿ 92 ಸೆಕೆಂಡು. ನೂರಕ್ಕೆ 78 ಮಂದಿ ಎರಡು ನಿಮಿಷದೊಳಗೆ ಮುಗಿಸಿದರು. ಐದು ನಿಮಿಷ ದಾಟಿದವರು ಏಳೇ ಜನ. 2002ರಲ್ಲಿ ಪ್ರಕಟವಾದ ಈ ಲೆಕ್ಕ ವೈದ್ಯರದು, ಅಲ್ಲಿಯ ಜನರದು. ನಮ್ಮವರು ಇನ್ನೂ ಒಂದು ನಿಮಿಷ ಹೆಚ್ಚು ತೆಗೆದುಕೊಳ್ಳಬಹುದು, ಒಪ್ಪೋಣ. ಬಿ.ಪಿ. ಪಟ್ಟಿ ಕಟ್ಟುವಾಗ, ಡ್ರೆಸ್ಸಿಂಗ್ ಬಿಚ್ಚುವಾಗ, ಡ್ರಿಪ್ ಬದಲಿಸುವಾಗ ಆ ನಿಮಿಷಗಳು ಹೇಗೂ ಕಳೆಯುತ್ತವೆ. ಅವು ಮೌನವಾಗಿ ಕಳೆಯಬೇಕೇ, ಪಕ್ಕದ ಸಹೋದ್ಯೋಗಿಯೊಡನೆ ಕಳೆಯಬೇಕೇ, ರೋಗಿಯೊಡನೆ ಕಳೆಯಬೇಕೇ ಎಂಬುದಷ್ಟೇ ಪ್ರಶ್ನೆ.

ನಿಜವಾದ ಅಡ್ಡಿ ಸಮಯಕ್ಕಿಂತ ಆಳದಲ್ಲಿದೆ ಎಂಬ ಅನುಮಾನ ನನ್ನದು. ಇಸಬೆಲ್ ಮೆಂಜೀಸ್ ಎಂಬ ಮನೋವಿಶ್ಲೇಷಕಿ 1960ರಲ್ಲಿ ಲಂಡನ್ನಿನ ಬೋಧನಾ ಆಸ್ಪತ್ರೆಯೊಂದರ ನರ್ಸುಗಳ ಕುರಿತು ಬರೆಯುತ್ತ, ರೋಗಿಯನ್ನು ಹೆಸರಿನ ಬದಲು ಹಾಸಿಗೆಯ ಸಂಖ್ಯೆಯಿಂದ, ಕೆಟ್ಟ ಅಂಗದ ಹೆಸರಿನಿಂದ ಕರೆಯುವ ರೂಢಿ ಸೋಮಾರಿತನವಲ್ಲ, ದಿನವೂ ಸಾವು ನೋವು ಕಾಣುವ ಎಳೆಯರು ತಮ್ಮನ್ನು ಕಾಪಾಡಿಕೊಳ್ಳಲು ಸಂಸ್ಥೆಯೇ ಕಟ್ಟಿಕೊಟ್ಟ ಬೇಲಿ ಎಂದರು. ‘ಬೆಡ್ ಹದಿನಾಲ್ಕು’ ಎಂಬ ನಮ್ಮ ರೂಢಿಯನ್ನೂ ಹೀಗೆಯೇ ಓದಬೇಕು. ಹಾಗಿದ್ದರೆ ವಿದ್ಯಾರ್ಥಿನಿಗೆ ‘ನಗುಮುಖದಿಂದಿರು’ ಎಂದು ಉಪದೇಶಿಸಿ ಬೇಲಿ ಕಿತ್ತರೆ ಸಾಲದು. ಅತ್ತ ರೋಗಿಯ ಮಾತು ಕೇಳಿ ಬಂದವಳ ಮಾತನ್ನು ಇತ್ತ ಕೇಳುವವರು ಯಾರು ಎಂಬುದನ್ನೂ ನೀವು ಗೊತ್ತುಮಾಡಬೇಕು. ವಾರ್ಡ್ ಸಿಸ್ಟರ್ ವಿದ್ಯಾರ್ಥಿನಿಯನ್ನು ರೋಗಿಗಳ ಮುಂದೆಯೇ ಗದರಿಸುವ ಕಡೆ ವಿದ್ಯಾರ್ಥಿನಿ ಕಲಿಯುವುದು ಗದರಿಸುವುದನ್ನೇ.

ಮೂರನೆಯ ಆಕ್ಷೇಪ ಉದ್ಯೋಗದ್ದು: ನಮ್ಮ ಮಕ್ಕಳು ಹೊರದೇಶಕ್ಕೆ ಹೋಗುವವರು, ಅವರಿಗೆ ಬೇಕಾದದ್ದು ಇಂಗ್ಲಿಷ್. ಬೇಡ ಎಂದವರಾರು? ಚಾರ್ಟು, ಔಷಧಿಯ ಹೆಸರು, ಡಾಕ್ಟರ ಆದೇಶ ಇಂಗ್ಲಿಷಿನಲ್ಲೇ ಇರಲಿ. ಆದರೆ ಆ ಹೊರದೇಶಗಳು ಏನು ಕೇಳುತ್ತವೆ ನೋಡಿ. ಜರ್ಮನಿ ನರ್ಸ್ ಕೆಲಸಕ್ಕೆ ಬರುವವರಿಂದ ಜರ್ಮನ್ ಭಾಷೆಯ ಬಿ-2 ಮಟ್ಟ ಬಯಸುತ್ತದೆ. ಬ್ರಿಟನ್ ಒಪ್ಪುವ ಒಇಟಿ ಎಂಬ ಇಂಗ್ಲಿಷ್ ಪರೀಕ್ಷೆಯ ಮಾತಿನ ಭಾಗದಲ್ಲಿ ನರ್ಸ್ ಅಭ್ಯರ್ಥಿ ರೋಗಿಯೊಡನೆ ಮಾತನಾಡುವ ಸನ್ನಿವೇಶವನ್ನೇ ಅಭಿನಯಿಸಿ ತೋರಿಸಬೇಕು. ತಮ್ಮ ರೋಗಿಯ ಭಾಷೆಯಲ್ಲಿ ಮಾತನಾಡಿ ತೋರಿಸಿ ಎಂದು ಅವರು ಕೇಳುತ್ತಾರೆ. ನಾವು ಇಲ್ಲಿ ಅದನ್ನು ಕೇಳಲು ಸಂಕೋಚಪಡುತ್ತೇವೆ. ಒಂದು ನುಡಿಯಲ್ಲಿ ರೋಗಿಯನ್ನು ಕೇಳಿಸಿಕೊಳ್ಳಲು ಕಲಿತವರಿಗೆ ಇನ್ನೊಂದರಲ್ಲಿ ಅದು ಸುಲಭವೇ ಆದೀತು. ಕೇರಳದಿಂದ ಬಂದು ಇಲ್ಲಿ ಓದಿ ದುಡಿಯುವ ಸಿಸ್ಟರುಗಳ ಮೇಲೆ ಬೆರಳು ತೋರಿಸಲು ಈ ವಾದವನ್ನು ಯಾರೂ ಬಳಸದಿರಲಿ. ವಾರ್ಡಿನಲ್ಲೇ ಕನ್ನಡ ಕಲಿತು, ತಪ್ಪು ಉಚ್ಚಾರದಲ್ಲೇ ‘ನೋವಿದ್ಯಾ ಅಮ್ಮ’ ಎಂದು ಹತ್ತಿರ ಕೂರುವ ಅವರಲ್ಲಿ ಎಷ್ಟೋ ಮಂದಿ ಕನ್ನಡ ಮನೆಮಾತಿನವರಿಗೂ ಮೇಲ್ಪಂಕ್ತಿ. ಕಲಿಸುವ ಏರ್ಪಾಡು ಮಾಡದೆ ಅವರನ್ನು ಅವರ ಪಾಡಿಗೆ ಬಿಟ್ಟ ತಪ್ಪು ನಮ್ಮದು.

ಆದ್ದರಿಂದ ನನ್ನ ಕೋರಿಕೆಗಳು ಹೀಗಿವೆ. ಪ್ರೋಸೆಸ್ ರೆಕಾರ್ಡಿಂಗಿನ ಮೊದಲ ಅಂಕಣ ರೋಗಿ ಆಡಿದ ನುಡಿಯಲ್ಲೇ, ಕನ್ನಡ ಲಿಪಿಯಲ್ಲಿ ಇರಲಿ. ವಿಶ್ಲೇಷಣೆ ಬೇಕಾದರೆ ಇಂಗ್ಲಿಷಿನಲ್ಲಿರಲಿ. ಇದಕ್ಕೆ ಹಣ ಬೇಡ, ಆಂತರಿಕ ಅಂಕದ ಮಟ್ಟಿಗಾದರೂ ಪ್ರಾಂಶುಪಾಲರ ಒಂದು ಸುತ್ತೋಲೆ ಸಾಕೆಂದು ನಂಬಿದ್ದೇನೆ. ಸಮುದಾಯ ಪೋಸ್ಟಿಂಗಿಗೆ ಹಳ್ಳಿಗೆ ಹೋದ ವಿದ್ಯಾರ್ಥಿಗಳು ನೋವು, ಮುಟ್ಟು, ಹೆರಿಗೆ, ಬೇಸರಗಳಿಗೆ ಅಲ್ಲಿಯವರು ಬಳಸುವ ಪದಗಳನ್ನು ಬರೆದು ತರಲಿ; ಮಾನಸಗಂಗೋತ್ರಿಯ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯನ್ನೂ 1969ರಿಂದ ಈ ಊರಿನಲ್ಲಿರುವ ಭಾರತೀಯ ಭಾಷಾ ಸಂಸ್ಥಾನವನ್ನೂ ಕೇಳಿಕೊಂಡರೆ ಅವನ್ನು ಒಪ್ಪ ಮಾಡಿ ಕೈಪಿಡಿಯಾಗಿಸಲು ಬಲ್ಲವರು ಅಲ್ಲಿದ್ದಾರೆ. ಪಾರ್ಶ್ವವಾಯುವಿನಿಂದ ಮಾತು ಹೋದವರಿಗೆ, ಗಂಟಲಿಗೆ ನಳಿಕೆ ಹಾಕಿಸಿಕೊಂಡವರಿಗೆ ಬೇಕಾದ ಚಿತ್ರಫಲಕಗಳ ವಿಚಾರದಲ್ಲಿ ವಾಕ್ ಶ್ರವಣ ಸಂಸ್ಥೆಯಷ್ಟು ತಿಳಿದವರು ದೇಶದಲ್ಲೇ ಕಡಿಮೆ, ಅದು ನಿಮ್ಮಿಂದ ಒಂದು ಆಟೋ ದೂರದಲ್ಲಿದೆ. ಪಾಳಿ ಬದಲಾಗುವಾಗಿನ ಹ್ಯಾಂಡ್‌ಓವರಿನಲ್ಲಿ ನಾಡಿ, ಜ್ವರ, ಮೂತ್ರದ ಲೆಕ್ಕದ ಜೊತೆಗೆ ರೋಗಿ ಆಡಿದ ಒಂದು ವಾಕ್ಯ ಅವರದೇ ಮಾತಿನಲ್ಲಿ ದಾಟಲಿ ಎಂದು ಅಧೀಕ್ಷಕರಲ್ಲಿ ಬೇಡುತ್ತೇನೆ.

ಇನ್ನೊಂದು ಕೋರಿಕೆ ತುಸು ವಿಚಿತ್ರವಾಗಿ ಕಂಡೀತು. ನಟರಿಗೆ ರೋಗಿಯ ಪಾತ್ರ ಕೊಟ್ಟು ವೈದ್ಯ ವಿದ್ಯಾರ್ಥಿಗಳನ್ನು ಪರೀಕ್ಷಿಸುವ ಪದ್ಧತಿಯನ್ನು ಹೊವರ್ಡ್ ಬ್ಯಾರೋಸ್ ಎಂಬ ವೈದ್ಯರು ಅಮೆರಿಕದಲ್ಲಿ 1963ರಲ್ಲೇ ಆರಂಭಿಸಿದರು. ನಮ್ಮೂರಿನಲ್ಲಿ 1989ರಲ್ಲಿ ಬಿ.ವಿ. ಕಾರಂತರು ಕಟ್ಟಿದ ರಂಗಾಯಣವಿದೆ, ಅದರ ಸುತ್ತ ಬೆಳೆದ ಹವ್ಯಾಸಿ ತಂಡಗಳಿವೆ. ಚಾಮರಾಜನಗರದ ಅಜ್ಜಿಯಾಗಿ, ಬಾಯಿಬಿಡದ ಸೋಲಿಗ ಯುವಕನಾಗಿ, ‘ಅಪ್ಪಂಗೆ ಕ್ಯಾನ್ಸರ್ ಅಂತ ಹೇಳ್ಬೇಡಿ ಸಿಸ್ಟರ್’ ಎಂದು ಬಾಗಿಲಲ್ಲೇ ತಡೆಯುವ ಮಗನಾಗಿ ಐದು ನಿಮಿಷ ಹಾಸಿಗೆಯ ಬಳಿ ನಿಲ್ಲಬಲ್ಲ ನಟರು ಇಷ್ಟು ಹತ್ತಿರದಲ್ಲಿರುವ ಊರು ಕರ್ನಾಟಕದಲ್ಲಿ ಎಷ್ಟಿವೆ? ಆ ಮಗನ ಪಾತ್ರವನ್ನಂತೂ ಬಿಡಬೇಡಿ. ವಿದೇಶಿ ಪಠ್ಯದಲ್ಲಿ ನರ್ಸ್ ಮತ್ತು ರೋಗಿ ಇಬ್ಬರೇ ಇರುತ್ತಾರೆ. ನಮ್ಮ ವಾರ್ಡಿನಲ್ಲಿ ಮೂರನೆಯವರೊಬ್ಬರು ಯಾವಾಗಲೂ ಸ್ಟೂಲಿನ ಮೇಲೆ ಕೂತಿರುತ್ತಾರೆ, ರೋಗಿಯನ್ನು ಕೇಳಿದ ಪ್ರಶ್ನೆಗೆ ಅವರೇ ಉತ್ತರ ಕೊಡುತ್ತಾರೆ. ಅವರ ಮನಸ್ಸು ನೋಯದ ಹಾಗೆ ರೋಗಿಯ ಬಾಯಿಂದಲೇ ಉತ್ತರ ಪಡೆಯುವುದು ಹೇಗೆ ಎಂಬುದು ಇಲ್ಲಿಯೇ, ಈ ನುಡಿಯಲ್ಲಿಯೇ ಕಂಡುಕೊಳ್ಳಬೇಕಾದ ವಿದ್ಯೆ.

ಪ್ರತಿ ವರ್ಷ ಮೇ 12ರಂದು ನಿಮ್ಮಲ್ಲಿ ದಾದಿಯರ ದಿನಾಚರಣೆ ನಡೆಯುತ್ತದೆ, ಭಾಷಣಗಳಾಗುತ್ತವೆ. ಮುಂದಿನ ವರ್ಷ ಅಂದು ಒಂದು ಭಾಷಣ ಕಡಿಮೆ ಮಾಡಿ, ವಿದ್ಯಾರ್ಥಿಯೊಬ್ಬರು ತಾವು ಬರೆದ ಪ್ರೋಸೆಸ್ ರೆಕಾರ್ಡಿಂಗಿನ ಒಂದು ಪುಟವನ್ನು, ರೋಗಿಯ ಹೆಸರು ಗುರುತು ತೆಗೆದು, ಅವರ ಒಪ್ಪಿಗೆ ಪಡೆದು, ಅವರದೇ ಮಾತಿನಲ್ಲಿ ವೇದಿಕೆಯ ಮೇಲೆ ಓದುವಂತೆ ಮಾಡಿ. ಕೇಳಲು ನನ್ನಂಥವರು ಹಿಂದಿನ ಸಾಲಿನಲ್ಲಿ ಬಂದು ಕೂರುತ್ತೇವೆ.



ಇತಿ ನಿಮ್ಮ ವಿಶ್ವಾಸಿ,
ಮೈಸೂರಿನ ಒಬ್ಬ ಬರಹಗಾರ